ಗಾಳಿ ಹಿಡಿಯುವ ಬಗೆ

ಯುಗಾದಿ ಹತ್ತಿರ ಬಂತೆಂದರೆ ನನಗೆ ಅಟ್ಟ ಗುಡಿಸುವ ಹುಚ್ಚು ಕೆರಳುತ್ತದೆ. ಈ ಸಲ ಮೂಲೆಯಲ್ಲಿದ್ದ ಹಳೇ ಹಾಸಿಗೆ ಸುರುಳಿಯನ್ನು ಎಳೆದು ಕಟ್ಟು ಬಿಚ್ಚಲು ಹೋದರೆ, ಏನು ಮಾಡಿದರೂ ಬಿಚ್ಚುತ್ತಿಲ್ಲ. ಕನ್ನಡಕ ಏರಿಸಿ ನೋಡಿದೆ. ಅದು ಹಗ್ಗವಲ್ಲ, ಹಿಂದೆಲ್ಲ ಆಂಟೆನಾದಿಂದ ಟೀವಿಗೆ ಎಳೆಯುತ್ತಿದ್ದರಲ್ಲ, ಆ ಚಪ್ಪಟೆ ವೈರು. ಎರಡು ಅಂಚಿಗೆ ಎರಡು ತಂತಿ, ನಡುವೆ ಪ್ಲಾಸ್ಟಿಕ್ ಪಟ್ಟಿ. ನನ್ನ ವಯಸ್ಸಿನವರಾಗಿದ್ದರೆ ನಿಮಗೂ ನೆನಪಿರುತ್ತದೆ. ಊರಿಗೆ ಕೇಬಲ್ ಬಂದ ಮೇಲೆ ನಮ್ಮಮ್ಮ ಆ ವೈರನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಬಟ್ಟೆ ಒಣಹಾಕಲು ಅದೇ, ಸೋರೆಬಳ್ಳಿ ಹಬ್ಬಿಸಲು ಅದೇ, ಹಾಸಿಗೆ ಕಟ್ಟಲೂ ಅದೇ. ನಾನು ರಿಬ್ಬನ್ ಕಳೆದುಕೊಂಡು ಬಂದ ಮರುದಿನ ನನ್ನ ಜಡೆಗೂ ಅದನ್ನೇ ಬಿಗಿದು ಸ್ಕೂಲಿಗೆ ಕಳಿಸಿದ್ದಳು. ಆವತ್ತು ಇಡೀ ಕ್ಲಾಸು ನನ್ನ ತಲೆಯನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಯಾವ ಸ್ಟೇಷನ್ ಸಿಗುತ್ತದೆಂದು ಪರೀಕ್ಷೆ ಮಾಡಿತು.

"ಏನ್ ಸಿಕ್ತೇ ಅಲ್ಲಿ, ಚಿನ್ನಾನಾ?" ಎಂದು ಕೆಳಗಿನಿಂದ ನಮ್ಮ ಯಜಮಾನರು ಕೇಳಿದರು. ಕೆ.ಜಿ.ಎಫ್. ಹುಡುಗಿಯನ್ನು ಮದುವೆಯಾದ ಬಂಗಾರಪೇಟೆ ಗಂಡಸು ಈ ಜೋಕನ್ನು ಜನ್ಮದಲ್ಲಿ ಬಿಡುವುದಿಲ್ಲ.

"ಚಿನ್ನ ಅಲ್ಲ ರೀ, ವೈರು."

"ಅಂಗಾರೆ ನೀನು ಇವತ್ತು ಕೆಳಗಿಳಿಯಲ್ಲ ಬಿಡು," ಎಂದು ಅವರೇ ಕಾಫಿ ಬೆರೆಸಿಕೊಳ್ಳಲು ಹೋದರು.

ಅವರು ಹಾಗೆ ಅನ್ನುವುದಕ್ಕೂ ಕಾರಣವಿದೆ. ಬಂಗಾರಪೇಟೆ ರೈಲ್ವೇ ಸ್ಟೇಷನ್ನಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯ ಕಂಪ್ಯೂಟರಿನ ಮುಂದೆ ಕೂತು ನಾನೊಂದು ವೆಬ್‌ಸೈಟ್ ನಡೆಸುತ್ತೇನೆ. ನನ್ನ ಓರಗೆಯ ಹೆಂಗಸರು ರಂಗೋಲಿ, ಉಪ್ಪಿನಕಾಯಿ ಎಂದು ಏನಾದರೂ ನಾಲ್ಕು ಜನಕ್ಕೆ ಬೇಕಾದ್ದನ್ನು ಹಾಕುತ್ತಾರೆ. ನನ್ನದು ಆಂಟೆನಾ. ಕೇಬಲ್ಲೂ ಇಲ್ಲದೆ, ಡಿಶ್ಶೂ ಇಲ್ಲದೆ, ಬೆಂಗಳೂರಿನ ಟವರಿನಿಂದ ನೇರ ಗಾಳಿಯಲ್ಲಿ ಬಿಟ್ಟಿಯಾಗಿ ಬರುವ ಡಿಜಿಟಲ್ ಟೀವಿಯನ್ನು ಹಿಡಿಯುವುದು ಹೇಗೆ ಎಂದು ಅಲ್ಲಿ ಬರೆಯುತ್ತೇನೆ. ಅಂಥದ್ದೊಂದು ಇದೆ ಅನ್ನುವುದೇ ಮುಕ್ಕಾಲು ಜನಕ್ಕೆ ಗೊತ್ತಿಲ್ಲ. ಗೊತ್ತಾದವರು, "ಅದ್ಯಾಕೆ ಬೇಕು?" ಅನ್ನುತ್ತಾರೆ. ಮೀನು ಹಿಡಿಯುವವರನ್ನು ಹೋಗಿ ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ಯಾರಾದರೂ ಕೇಳುತ್ತಾರೆಯೇ?

ಬೆಂಗಳೂರಿನಿಂದ ಹೊರಟ ಆ ಅಲೆ ನಮ್ಮ ಬಂಗಾರಪೇಟೆಗೆ ಬರುವ ಹೊತ್ತಿಗೆ ಏದುಸಿರು ಬಿಡುತ್ತಿರುತ್ತದೆ. ಎತ್ತರದ ಕಂಬ ಬೇಕು, ಸಿಗ್ನಲ್ ಹಿಗ್ಗಿಸುವ ಒಳ್ಳೆ ಬೂಸ್ಟರ್ ಬೇಕು, ದೇವರ ದಯೆಯೂ ಸ್ವಲ್ಪ ಬೇಕು. ಚಳಿಗಾಲದ ಮುಂಜಾನೆ ಮಂಜು ಕವಿದ ದಿನ ಮಾತ್ರ ಅದಕ್ಕೆ ಅದೆಲ್ಲಿಂದಲೋ ಶಕ್ತಿ ಬರುತ್ತದೆ. ಒಂದು ಸಲ ಅಂಥ ಮಂಜಿನಲ್ಲಿ ಮದ್ರಾಸೇ ಸಿಕ್ಕಿಬಿಟ್ಟಿತ್ತು. ನಾನು ಕುಣಿಯುವುದೊಂದು ಬಾಕಿ. ರೈಲಿಗೆ ಹೊರಟಿದ್ದ ಯಜಮಾನರನ್ನು ಬಾಗಿಲಿನಿಂದ ವಾಪಸ್ ಎಳೆದು ತಂದು ತೋರಿಸಿದೆ. ಅವರು ನೋಡಿ, "ತಮಿಳು ಬೇಕಂದ್ರೆ ನಿಮ್ಮ ಕೆ.ಜಿ.ಎಫ್‌.ಗೆ ಓಗಿದ್ರೆ ಆಗ್ತಿತ್ತು," ಎಂದು ಚೀಲ ಹೆಗಲಿಗೇರಿಸಿ ಹೋದರು. ಅವರಿಗೆ ರೈಲು ತಪ್ಪಿತು. ಆ ಮಾತು ಈಗಲೂ ಆಗಾಗ ಮನೆಯಲ್ಲಿ ಏಳುತ್ತದೆ.

ಕೆ.ಜಿ.ಎಫ್‌. ಎಂದೆನಲ್ಲ, ನಾನು ಹುಟ್ಟಿ ಬೆಳೆದದ್ದು ಅಲ್ಲಿನ ಮೈನಿಂಗ್ ಲೈನಿನಲ್ಲಿ, ಒಂದಕ್ಕೊಂದು ಅಂಟಿಕೊಂಡ ಶೀಟಿನ ಮನೆಗಳಲ್ಲಿ. ಅಪ್ಪ ಗಣಿಗೆ ಶಿಫ್ಟಿನ ಮೇಲೆ ಇಳಿಯುತ್ತಿದ್ದರು. ನಮ್ಮ ಮನೆಗೆ ಮೊದಲ ಟೀವಿ ಬಂದಾಗ ಪಕ್ಕದ ಮನೆಯ ಸೆಲ್ವಿ ಅಕ್ಕ ಅದಕ್ಕೆ ಕರ್ಪೂರದ ಆರತಿ ಎತ್ತಿ, ಮೇಲೊಂದು ನಿಂಬೆಹಣ್ಣು ಇಟ್ಟಿದ್ದರು. ಬೇಸಿಗೆಯಲ್ಲಿ, ಚಿನ್ನ ತೆಗೆದು ಉಳಿದ ಮಣ್ಣು ಸುರಿದಿದ್ದ ಸೈನೈಡ್ ದಿಬ್ಬದ ಬಿಳಿ ಧೂಳು ಎದ್ದು ಊರಿಗೆಲ್ಲ ಹರಡುತ್ತಿತ್ತು. ತಟ್ಟೆ, ಲೋಟ, ಹಾಸಿಗೆ, ಎಲ್ಲದರ ಮೇಲೂ ಅದೇ. ಹಾಗಾಗಿ ಟೀವಿ ಪರದೆಯ ಮೇಲೆ ಬಿಳಿ ಚುಕ್ಕೆಗಳು ಕುಣಿಯತೊಡಗಿದರೆ ನಮ್ಮಮ್ಮ ಒದ್ದೆ ಬಟ್ಟೆ ತಂದು ಪರದೆ ಒರೆಸುತ್ತಿದ್ದಳು. ಒರೆಸಿದರೂ ಹೋಗದಿದ್ದರೆ, "ಧೂಳು ಒಳಕ್ಕೇ ಓಗ್ಬುಟ್ಟೈತೆ," ಎಂದು ಗಾಜನ್ನೊಮ್ಮೆ ಉಫ್ ಎಂದು ಊದುತ್ತಿದ್ದಳು. ಊದಿದಾಗ ಒಂದೆರಡು ಸಲ ಚಿತ್ರ ಸರಿಹೋದದ್ದೂ ಉಂಟು. ಈಗಿನ ಡಿಜಿಟಲ್ಲಿನಲ್ಲಿ ಚುಕ್ಕೆಯ ಮಾತೇ ಇಲ್ಲ. ಬಂದರೆ ಕನ್ನಡಿಯ ಹಾಗೆ ಬರುತ್ತದೆ, ಇಲ್ಲದಿದ್ದರೆ ನೀಲಿ ಪರದೆ, ಅದರ ಮೇಲೆ 'ಸಿಗ್ನಲ್ ಇಲ್ಲ' ಎಂಬ ಒಂದು ಸಾಲು. ಊದಿ ಏನೂ ಪ್ರಯೋಜನವಿಲ್ಲ. ನಾನು ಊದಿ ನೋಡಿದ್ದೇನೆ.

ಈ ವೆಬ್‌ಸೈಟಿಗೆ ಹೆಸರಿಟ್ಟದ್ದು ನಮ್ಮ ಯಜಮಾನರು. ನಾನು ಬಾನು, ತರಂಗ, ವಾಹಿನಿ ಎಂದೆಲ್ಲ ತಲೆ ಕೆಡಿಸಿಕೊಂಡು ಕೂತಿದ್ದೆ. ಅವರು ಶೂ ಬಿಚ್ಚುತ್ತಾ, "ಗಾಳೀಲಿ ತಾನೆ ಬರೋದು? ಗಾಳಿ ಟೀವಿ ಅನ್ನು," ಎಂದರು. ಚೆನ್ನಾಗಿದೆ ಅನ್ನಿಸಿತು. ಚಿಕ್ಕದು, ಬಾಯಿಗೆ ಸುಲಭ. ಅದೇ ಹುಮ್ಮಸ್ಸಿನಲ್ಲಿ ಒಂದೊಂದೇ ಲೇಖನ ಬರೆದು ಹಾಕುತ್ತಾ ಹೋದೆ. 'ಗಾಳಿ ಹಿಡಿಯುವ ಬಗೆ.' 'ಗಾಳಿ ಬಂದು ಬಂದು ಹೋಗುತ್ತಿದ್ದರೆ ಏನು ಮಾಡಬೇಕು?' 'ಮನೆಯ ಮುಂದೆ ದೊಡ್ಡ ಹುಣಸೆಮರವಿದ್ದರೆ ಗಾಳಿಯ ತೊಂದರೆ ತಪ್ಪಿದ್ದಲ್ಲ.' ಮರದ ಎಲೆಗಳು ಅಲೆಯನ್ನು ಅಡ್ಡಗಟ್ಟುತ್ತವೆ, ಅದಕ್ಕೆ ಹಾಗೆ ಬರೆದದ್ದು. ಕೆಳಗೆ ಅಂಗಡಿಯ ಫೋನ್ ನಂಬರು ಕೊಟ್ಟೆ.

ನೀವಾಗಲೇ ನಗುತ್ತಿದ್ದೀರಿ. ನನಗೆ ಮಾತ್ರ ಹೊಳೆಯಲಿಲ್ಲ ನೋಡಿ!

ಮೊದಲು ಫೋನು ಮಾಡಿದವರು ಕ್ಯಾಸಂಬಳ್ಳಿಯ ಕಡೆಯ ಒಬ್ಬ ಹೆಂಗಸು. ತಮ್ಮ ಎಮ್ಮೆಗೆ ಗಾಳಿ ಸೋಕಿದೆ, ಹಾಲು ಕೊಡುತ್ತಿಲ್ಲ, ನಿಂಬೆಹಣ್ಣು ಮಂತ್ರಿಸಿ ಕೊಡುತ್ತೀರಾ ಎಂದು ಕೇಳಿದರು. ಎಮ್ಮೆಗೂ ಟೀವಿಗೂ ಏನು ಸಂಬಂಧ ಎಂದು ನಾನು ಆವತ್ತೆಲ್ಲ ಯೋಚಿಸಿದೆ. ಆಮೇಲೆ ಇಂಥ ಫೋನುಗಳು ಸಾಲಾಗಿ ಬರತೊಡಗಿದವು. ಮೆಟ್ಟಿಕೊಂಡ ಗಾಳಿ, ಸೋಕಿದ ಗಾಳಿ, ಬಾವಿಕಟ್ಟೆಯ ಗಾಳಿ. ಹೆಸರು ಬದಲಾಯಿಸೋಣವೆಂದರೆ ನಮ್ಮ ಸೀಮೆಯಲ್ಲಿ ಯಾವ ಭಾಷೆಗೆ ಓಡುವುದು? ತೆಲುಗಿನಲ್ಲಿ ಗಾಲಿ ಎಂದರೂ ಅದೇ, ತಮಿಳಿನವರಿಗೆ ಕಾತ್ತು ಕರುಪ್ಪು ಎಂದರೂ ಅದೇ. ದೆವ್ವ ಮೂರು ಭಾಷೆಯಲ್ಲೂ ಗಾಳಿಯನ್ನೇ ಗುತ್ತಿಗೆ ಹಿಡಿದಿದೆ. ಸ್ಟೇಷನ್ ರಸ್ತೆಯಲ್ಲಿ ನನಗೆ 'ಗಾಳಿ ಅಕ್ಕ' ಎಂಬ ಹೆಸರೇ ನಿಂತುಹೋಯಿತು. ಆಧಾರ್ ಕಾರ್ಡಿನ ಜೆರಾಕ್ಸಿಗೆ ಬಂದವರು ಕೂಡ ನಾನು ಚಿಲ್ಲರೆ ಕೊಟ್ಟರೆ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದರು.

ಇಷ್ಟೆಲ್ಲ ಆದ ಮೇಲಾದರೂ ನಾನು ಹುಷಾರಾಗಬೇಕಿತ್ತು. ಆದರೆ ಪಾಪಣ್ಣ ಫೋನು ಮಾಡಿದ ದಿನ ಬೆಳಗ್ಗೆ ನನ್ನ ಹೊಸ ಬೂಸ್ಟರ್ ಬಂದಿತ್ತು. ತಲೆಯಲ್ಲಿ ಅದೇ ತುಂಬಿಕೊಂಡಿತ್ತು.

"ಅಲೋ, ಗಾಳಿ ಅಕ್ಕಾನಾ? ನಾನು ಕಾಮಸಮುದ್ರದ ತಾವ್ಲಿಂದ ಪಾಪಣ್ಣ ಅಂತ. ನಮ್ಮನೇಲಿ ಗಾಳಿ ತೊಂದ್ರೆ ಕಣಕ್ಕಾ."

ಕಾಮಸಮುದ್ರದಲ್ಲೂ ನನಗೊಬ್ಬ ಓದುಗ! ನಾನು ಉಬ್ಬಿಹೋದೆ. "ಯಾವಾಗ್ಲೂ ಇರ್ತೈತಾ, ಬಂದು ಬಂದು ಓಗ್ತೈತಾ?" ಎಂದೆ.

"ಸಂಜೆ ಒತ್ತು ಬತ್ತೈತೆ. ಕತ್ಲಾಗೋವಷ್ಟ್ರಲ್ಲಿ ಓಗ್ತೈತೆ."

"ಅಷ್ಟು ದೂರಕ್ಕೆ ಸಂಜೆಯಾದ್ರೂ ಬರ್ತೈತಲ್ಲ, ನಿಮ್ಮ ಅದೃಷ್ಟ. ಎಷ್ಟೋ ಜನ ವರ್ಷಗಟ್ಟಲೆ ಕಾಯ್ತಾರೆ, ಬರೋದೇ ಇಲ್ಲ."

ವಿವರ ಬರೆದುಕೊಳ್ಳಲು ನಾನು ಪೆನ್ನು ಕೈಗೆತ್ತಿಕೊಂಡೆ.

"ಮನೆ ಮುಂದೆ ಮರ ಐತಾ?"

"ಉಣಿಸೇಮರ ಐತಕ್ಕಾ."

"ಅದೇ ಮತ್ತೆ!"

"ನಮ್ಮೆಂಗ್ಸೂ ಅದೇ ಅಂದ್ಲು. ನಿಮ್ದ್ರಲ್ಲಿ ಓದಿದ್ಲಂತೆ."

"ಮುಖ ಯಾವ ಕಡೆಗೈತೆ?"

"ಮೂಡ್ಲ ಕಡೆಗೆ."

"ತಪ್ಪು. ಪಡುವಲಕ್ಕೆ ತಿರುಗಿಸಿ, ಬೆಂಗಳೂರು ಕಡೆಗೆ."

"ಮುಟ್ಟಿದ್ರೆ ಬೈತಾಳಕ್ಕಾ."

ಹೆಂಡತಿ ಬೈಯುತ್ತಾಳೆ ಎಂದುಕೊಂಡೆ. ನಮ್ಮ ಮನೆಯಲ್ಲೂ ಆಂಟೆನಾ ವಿಷಯಕ್ಕೆ ಬೈಗುಳ ಇದ್ದದ್ದೇ. "ಬೈದ್ರೆ ಬೈಲಿ, ತಲೆ ಕೆಡಿಸ್ಕೋಬೇಡಿ. ಕೆಳಗಿಟ್ರೆ ಏನೂ ಪ್ರಯೋಜನ ಇಲ್ಲ. ತಾರಸಿ ಮೇಲೆ ನಿಲ್ಲಿಸಿ, ಕಂಬಕ್ಕೆ ಬಿಗಿಯಾಗಿ ತಂತಿ ಸುತ್ತಿ ಕಟ್ಟಿ."

"ನಮ್ಮಮ್ಮನ್ನಾ?" ಎಂದ ಪಾಪಣ್ಣ.

ನಾನು ಕುರ್ಚಿಯಿಂದ ಎದ್ದು ನಿಂತೆ. ಅವನು ಗಾಬರಿಯಲ್ಲಿ ಒಂದೇ ಉಸಿರಿಗೆ ಹೇಳಿದ: "ತಾರಸಿ ಮೇಲೆ ಅತ್ತಿಸೋದೇನಕ್ಕಾ, ಅದೇ ಅಲ್ವಾ ತೊಂದ್ರೆ! ಸಂಜೆ ಆದ್ರೆ ಅವ್ಳೇ ಅತ್ತಿ ನಿಂತ್ಕೊಂತಾಳೆ. ಅಲ್ಲಿ ಹಳೇ ಟೀವಿದು ಆಂಟೆನಾ ಕಂಬ ಐತೆ, ಅದ್ನ ತಿರುಗಿಸ್ತಾ ಯಾರ್ನೋ ಕೇಳ್ತಾಳೆ, ಬಂತಾ, ಬಂತಾ ಅಂತ. ನಮ್ಮಪ್ಪ ಸತ್ಮೇಲಿಂದ ದಿನಾ ಇಂಗೇಯ. ಆ ಟೀವೀಲಿ ಏನೂ ಬರ್ದೆ ಯಾವ ಕಾಲ ಆಯ್ತೋ. ಯಾರ್ನ ಕೇಳೋದವ್ಳು? ಬರೋ ಅಮಾಸೆಗೆ ಗಾಳಿ ಬಿಡಿಸೋ ಸ್ವಾಮೀನ ಕರ್ಸಿದೀವಿ. ಅಷ್ಟ್ರೊಳ್ಗೆ ನಿಮ್ಮನ್ನೊಂದು ಮಾತು ಕೇಳಾಣ ಅಂತ."

ಗಾಳಿ ಬಿಡಿಸುವುದು ಎಂದರೆ ಏನೆಂದು ನನಗೆ ಗೊತ್ತಿತ್ತು. ಲೈನಿನಲ್ಲಿ ಒಬ್ಬರಿಗೆ ಬಿಡಿಸಿದ್ದನ್ನು ಚಿಕ್ಕಂದಿನಲ್ಲಿ ಬಾಗಿಲ ಸಂದಿಯಿಂದ ನೋಡಿದ್ದೆ. ಹುಣಸೆ ಬರಲಿನಲ್ಲಿ ಹೊಡೆದು, ಮೂಗಿಗೆ ಒಣಮೆಣಸಿನಕಾಯಿಯ ಹೊಗೆ ಹಿಡಿದಿದ್ದರು. ಗಂಡ ಸತ್ತ ದುಃಖದಲ್ಲಿರುವ ಮುದುಕಿಗೆ ಇದು ಆಗುವುದನ್ನು ನನಗೆ ಸಹಿಸಲಾಗಲಿಲ್ಲ. ಜೊತೆಗೆ 'ಬಂತಾ' ಎಂಬ ಆ ಒಂದು ಮಾತು ಕಿವಿಯಲ್ಲೇ ಕೂತುಬಿಟ್ಟಿತು. "ಅಮಾವಾಸ್ಯೆಗೆ ಮುಂಚೆ ನಾನೇ ಬರ್ತೀನಿ, ಅಲ್ಲೀವರ್ಗೂ ಯಾರ್ನೂ ಕರೆಸ್ಬೇಡಿ," ಎಂದುಬಿಟ್ಟೆ.

ಭಾನುವಾರ ಯಜಮಾನರಿಗೆ ರಜ. ನಾನು ಡಿಜಿಟಲ್ ಪೆಟ್ಟಿಗೆ, ಹೊಸ ಬೂಸ್ಟರ್, ವೈರಿನ ಸುರುಳಿ ಎಲ್ಲ ಚೀಲಕ್ಕೆ ತುಂಬುವುದನ್ನು ನೋಡಿ, "ದೆವ್ವ ಬಿಡಿಸಾಕೆ ಸ್ಕ್ರೂಡ್ರೈವರ್ ಯಾಕೆ?" ಎಂದರು. ಆದರೂ ಚೀಲ ಅವರೇ ಹೊತ್ತರು. ಕಾಮಸಮುದ್ರದ ಬಸ್ಸಿನಲ್ಲಿ ಕೂತು ನಾನು ಲೆಕ್ಕ ಹಾಕಿದ್ದು ಬಹಳ ಸರಳ. ಮುದುಕಿಗೆ ಟೀವಿ ಬೇಕು. ಟೀವಿ ಬರಿಸಿಕೊಟ್ಟರೆ ಕೇಳುವುದು ನಿಲ್ಲುತ್ತದೆ. ಗಾಳಿ ಟೀವಿಯಿಂದ ಗಾಳಿ ಬಿಡಿಸಿದ ಕಥೆಯನ್ನು ವೆಬ್‌ಸೈಟಿನಲ್ಲಿ ಯಾವ ತಲೆಬರಹ ಕೊಟ್ಟು ಹಾಕಬೇಕೆಂದೂ ಯೋಚಿಸಿಯಾಗಿತ್ತು.

ಪಾಪಣ್ಣನ ಮನೆ ಊರಿನಾಚೆ, ತೋಟದ ಅಂಚಿನಲ್ಲಿತ್ತು. ಹಸುಗಳು, ಟೊಮ್ಯಾಟೊ, ಎತ್ತರದ ಹುಣಸೆಮರ. ಅವನ ತಾಯಿ ಮುನೆಮ್ಮ ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಬಂದು, "ಎವುರಮ್ಮಾ ನುವ್ವು?" ಎಂದು ತೆಲುಗಿನಲ್ಲಿ ಕೇಳಿದರು. ಟೀವಿ ರಿಪೇರಿಯವಳು ಎಂದೆ. ಮೇಲಿಂದ ಕೆಳಗಿನವರೆಗೂ ನನ್ನನ್ನು ನೋಡಿ, ಯಜಮಾನರ ಕಡೆ ತಿರುಗಿ, "ಇವ್ರು?" ಎಂದರು. "ಚೀಲ ಹೊರೋರು," ಎಂದೆ. ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕರು. ಮಾತಿನಲ್ಲಿ ಚುರುಕು, ಕೈಯಲ್ಲಿ ಕೆಲಸ. ಗಾಳಿ ಮೆಟ್ಟಿಕೊಂಡ ಲಕ್ಷಣ ನನಗೇನೂ ಕಾಣಲಿಲ್ಲ.

ಹಜಾರದಲ್ಲಿ ಡಿಶ್ ಹಾಕಿದ ದೊಡ್ಡ ಟೀವಿ ಗೋಡೆಗೆ ಅಂಟಿಕೊಂಡಿತ್ತು. ಮುನೆಮ್ಮನ ಕೋಣೆಯಲ್ಲಿ ಹಳೇ ಡಬ್ಬದ ಟೀವಿ, ಮೇಲೆ ಕಸೂತಿ ಹಾಕಿದ ಬಟ್ಟೆ. ಅದು ಕೆಟ್ಟಿರಲಿಲ್ಲ, ಅದು ಹಿಡಿಯುತ್ತಿದ್ದ ಸ್ಟೇಷನ್ ಮುಚ್ಚಿ ವರ್ಷಗಳಾಗಿದ್ದವು, ಅಷ್ಟೆ. ನಾನು ಪೆಟ್ಟಿಗೆ ಜೋಡಿಸಿ, ಕಂಬಕ್ಕೆ ನನ್ನ ಆಂಟೆನಾ ಬಿಗಿದು, ಬೂಸ್ಟರ್ ಹಾಕಿ, ಮಧ್ಯಾಹ್ನವೆಲ್ಲ ಬಿಸಿಲಿನಲ್ಲಿ ಹೆಣಗಾಡಿದೆ. ಹುಣಸೆಮರದ ಆಚೆ ಗುಡ್ಡ, ಗುಡ್ಡದ ಆಚೆ ಇನ್ನೊಂದು ಗುಡ್ಡ. ಬೆಂಗಳೂರು ಆ ಮನೆಯನ್ನು ಕಣ್ಣೆತ್ತಿಯೂ ನೋಡುವಂತಿರಲಿಲ್ಲ. ನೀಲಿ ಪರದೆ, ಸಿಗ್ನಲ್ ಇಲ್ಲ. ಗಾಳಿ ಅಕ್ಕನ ಪಾಂಡಿತ್ಯವೆಲ್ಲ ಕಾಮಸಮುದ್ರದಲ್ಲಿ ಮಣ್ಣುಪಾಲಾಯಿತು. "ನಮ್ಮನೇಗೂ ಡಿಶ್ ಆಕಿಸ್ಬುಡು ಅಂತ ನಾನು ಮೊದ್ಲಿಂದ ಏಳ್ತಿದೀನಿ," ಎಂದು ಯಜಮಾನರು ನೆರಳಿನಲ್ಲಿ ಕೂತೇ ಹೇಳಿದರು. ಅಮಾವಾಸ್ಯೆ ಹತ್ತಿರವಿತ್ತು.

ಬಿಸಿಲು ಇಳಿಯಿತು. ಪಾಪಣ್ಣ ಡೈರಿಗೆ ಹಾಲು ಹಾಕಲು ಕ್ಯಾನು ಬೈಕಿಗೆ ಕಟ್ಟುತ್ತಿದ್ದ. ಮುನೆಮ್ಮ ಕೈ ತೊಳೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, "ತಡೀರಿ ಬತ್ತೀನಿ," ಎಂದು ಮೆಟ್ಟಿಲು ಹತ್ತಿದರು. ಸೊಸೆಯ ಕೈ ತಾಳಿಗೆ ಹೋಯಿತು. ಮೇಲೆ ಕಂಬ ಕಿರುಗುಟ್ಟಿದ ಸದ್ದು.

"ಬಂತಾ?"

ಕಂಬ ಮತ್ತೆ ಕಿರುಗುಟ್ಟಿತು.

"ಬಂತಾ?"

ಸೊಸೆಯನ್ನು ಪಿಸುದನಿಯಲ್ಲಿ ವಿಚಾರಿಸಿದೆ. ಮಾವ ಇದ್ದಾಗ ಟೀವಿ ಮುಂದೆ ಕೂರುತ್ತಿದ್ದದ್ದು ಅವರು. ಮಂಡಿ ನೋವಿಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ, ಹಾಗಾಗಿ ಕಂಬ ತಿರುಗಿಸುವುದು ಅತ್ತೆಯ ಕೆಲಸ. ಸ್ಟೇಷನ್ ಮುಚ್ಚಿದ ಮೇಲೂ ಇವತ್ತಲ್ಲ ನಾಳೆ ಬಂದೀತು ಎಂದು ಇಬ್ಬರೂ ಸಂಜೆ ಅದನ್ನೇ ಮಾಡುತ್ತಿದ್ದರಂತೆ. ಆ ಹೊತ್ತಿನಲ್ಲಿ ಮಗ ಡೈರಿಯಲ್ಲಿ, ಸೊಸೆ ಕೊಟ್ಟಿಗೆಯಲ್ಲಿ. ಮುದುಕ ಮುದುಕಿ ಏನು ಕೂಗಾಡಿಕೊಳ್ಳುತ್ತಾರೆ ಎಂದು ಯಾರೂ ಕಿವಿಗೊಟ್ಟವರಲ್ಲ.

ಲೈನಿನ ಮನೆಯಲ್ಲಿ ನಾನು ಮಾಡುತ್ತಿದ್ದ ಕೆಲಸವೂ ಅದೇ. ಅಪ್ಪ ಶೀಟಿನ ಮೇಲೆ, ನಾನು ಟೀವಿಯ ಮುಂದೆ. "ಬಂತಾ?" "ಇಲ್ಲ!" "ಬಂತಾ?" "ಬಂತು ಬಂತು… ಓಯ್ತು!" ಮೇಲಿರುವವರಿಗೆ ಏನೂ ಕಾಣುವುದಿಲ್ಲ, ಕೆಳಗಿರುವವರ ಕೂಗೇ ಅವರಿಗೆ ಕಣ್ಣು. ಕೆಳಗಿನಿಂದ ಉತ್ತರ ಬಾರದಿದ್ದರೆ ಮೇಲಿನವರು ಇಳಿಯುವ ಹಾಗೂ ಇಲ್ಲ, ಬಿಡುವ ಹಾಗೂ ಇಲ್ಲ. ಈಗಿನ ಪೆಟ್ಟಿಗೆಯಲ್ಲಿ ಸಿಗ್ನಲ್ಲಿನ ಗೆರೆ ಕಾಣುತ್ತದೆ, ಕೂಗುವವರು ಬೇಕಿಲ್ಲ, ಒಬ್ಬರೇ ಎಲ್ಲ ಮಾಡಿಕೊಳ್ಳಬಹುದು ಎಂದು ನಾನು ವೆಬ್‌ಸೈಟಿನಲ್ಲಿ ಜಂಬದಿಂದ ಬರೆದಿದ್ದೆ.

ಓಡಿಹೋಗಿ ಪಾಪಣ್ಣನ ಬೈಕಿನ ಕೀ ತೆಗೆದುಕೊಂಡೆ. "ಒಳಗೆ ಓಗಿ ಟೀವಿ ಮುಂದೆ ಕೂತ್ಕೋ. ನಿಮ್ಮಮ್ಮ ಕೇಳ್ತಾವ್ರಲ್ಲ, ಉತ್ತರ ಕೊಡು."

"ಏನಂತ ಕೊಡ್ಲಿ?"

"ಬಂತಾ ಅಂದ್ರೆ, ಬಂತು ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು."

ಅವನು ನನ್ನನ್ನೂ ಯಜಮಾನರನ್ನೂ ನೋಡಿದ. "ಓಗಪ್ಪಾ," ಎಂದರು ಯಜಮಾನರು, ಆವತ್ತು ಮೊದಲ ಬಾರಿ ನನ್ನ ಪರವಾಗಿ.

"ಬಂತಾ?"

"ಇಲ್ಲಮ್ಮಾ," ಎಂದ ಪಾಪಣ್ಣ, ಹಾಜರಿ ಹೇಳುವ ದನಿಯಲ್ಲಿ.

ಮೇಲೆ ಕಂಬ ಥಟ್ಟನೆ ನಿಂತಿತು. ಆಮೇಲೆ ನಿಧಾನವಾಗಿ ಕಿರುಗುಟ್ಟಿತು. "ಈಗ?"

"ಇನ್ನೊಂಚೂರು ಎಡಕ್ಕೆ… ಇನ್ನೊಂಚೂರು… ಅಯ್ಯೋ, ಜಾಸ್ತಿ ಆಯ್ತು, ವಾಪಸ್ ಬಾ!" ಪಾಪಣ್ಣನಿಗೂ ಚಿಕ್ಕಂದಿನದು ಎಲ್ಲಿತ್ತೋ ಬಾಯಿಗೆ ಬಂದುಬಿಟ್ಟಿತು. ಮಂಡಿಯೂರಿ ಕೂತು ಆ ನೀಲಿ ಪರದೆಯನ್ನೇ ದಿಟ್ಟಿಸುತ್ತಾ ಕೂಗತೊಡಗಿದ. ಸೊಸೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊರಗೆ ಮಬ್ಬು ಕವಿಯತೊಡಗಿತ್ತು. ಮೆಟ್ಟಿಲಿಗೆ ಹಿಡಿದುಕೊಳ್ಳಲು ಕಂಬಿ ಇಲ್ಲದ್ದನ್ನು ಪಾಪಣ್ಣ ಬಾಗಿಲಿನಾಚೆ ಕಂಡ. ಪರದೆಯನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಕೂಗಿದ: "ಬಂತಮ್ಮಾ! ಚೆನ್ನಾಗಿ ಬಂತು! ಸಾಕು, ಇಳಿ!"

ಮುನೆಮ್ಮ ಇಳಿದು ಬಂದರು. ಕೋಣೆಯ ಹೊಸ್ತಿಲಲ್ಲಿ ನಿಂತು ಪರದೆ ನೋಡಿದರು. ಸಿಗ್ನಲ್ ಇಲ್ಲ. ಪಾಪಣ್ಣ ತಲೆ ತಗ್ಗಿಸಿ ಕೂತಿದ್ದ.

"ನಿಮ್ಮಪ್ಪನೂ ಇಂಗೇ ಕಣ್ಲಾ," ಎಂದರು ಮುದುಕಿ. "ಬರ್ದಿದ್ರೂ ಬಂತು ಅಂತಿದ್ದ. ಕತ್ಲಾಗ್ತೈತೆ, ಇವ್ಳು ಇಳೀಲಿ ಅಂತ."

ಪಾಪಣ್ಣ ಎದ್ದು ಅಂಗಳಕ್ಕೆ ಹೋದ. ಫೋನಿನಲ್ಲಿ ಅವನ ಮಾತು ನಮಗೆಲ್ಲ ಕೇಳುತ್ತಿತ್ತು. "ಸ್ವಾಮೀ, ಅಮಾಸೆಗೆ ನೀವು ಬರಾದು ಬ್ಯಾಡ… ಇಲ್ಲ ಸ್ವಾಮಿ, ಬೇರೆ ಯಾರ ತಾವೂ ಓಗ್ಲಿಲ್ಲ… ಇನ್ಮೇಲೆ ಸಂಜೆ ಒತ್ತು ನಾನೇ ಮನೇಲಿರ್ತೀನಿ."

ಮುನೆಮ್ಮ ಟೀವಿಯ ಮೇಲೆ ಕಸೂತಿ ಬಟ್ಟೆ ಸರಿಮಾಡಿ, ಹೊಸ್ತಿಲಿಗೆ ಬಂದು, ಅಂಗಳದ ಕಡೆ ಕತ್ತು ಚಾಚಿದರು.

"ಲೇ ಪಾಪಾ, ನಾಳೆ ಇನ್ನೊಂಚೂರು ಗಟ್ಟಿಯಾಗಿ ಕೂಗ್ಲಾ. ನಿಮ್ಮಪ್ಪಂದು ಮೇಲಕ್ಕೆ ಚೆನ್ನಾಗಿ ಕೇಳಿಸ್ತಿತ್ತು."